ರಜಾಕಾಲದ ಓದೂ ಪಂಜೆಯವರ ಕಥೆಗಳೂ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮುಚ್ಚಿದ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಈ ಏಳು ವಾರಗಳ ಬಿಡುವಿನಲ್ಲಿ ಆರು, ಏಳು, ಎಂಟನೆಯ ತರಗತಿಗಳ ಮಕ್ಕಳು ಒಂದೆರಡು ಪುಸ್ತಕಗಳನ್ನು ಓದಿ, ಓದಿದುದನ್ನು ಕುರಿತು ಬರೆದು ತರತಕ್ಕದ್ದೆಂದು ಉಪಾಧ್ಯಾಯರು ವಿಧಿಸುವುದು ಅನೇಕ ಶಾಲೆಗಳಲ್ಲಿ ವಾಡಿಕೆಯಾಗಿದೆ. ಉದ್ದೇಶವು ಒಳ್ಳೆಯದೇ, ಅದನ್ನು ಆಕ್ಷೇಪಿಸುವವರಾರೂ ಇಲ್ಲ. ಆದರೆ ಯಾವ ಪುಸ್ತಕವನ್ನು ಕೊಡಬೇಕು, ಓದಿದ ಮಗುವಿನಿಂದ ಏನನ್ನು ಕೇಳಬೇಕು ಎಂಬ ಎರಡು ಪ್ರಶ್ನೆಗಳನ್ನು ನಾವು ಶಿಕ್ಷಣಶಾಸ್ತ್ರದವರ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. ಇವು ಸಾಹಿತ್ಯವಿಮರ್ಶೆಯ ಪ್ರಶ್ನೆಗಳೆಂದು ವಿದ್ವಾಂಸರು ಎಣಿಸಿದಂತೆ ತೋರುವುದಿಲ್ಲ. ಪಂಪನ ಒಂದು ಪಾಠಾಂತರಕ್ಕಾಗಿ ನಾಲ್ಕು ಸಂಚಿಕೆಗಳವರೆಗೆ ವಾದಿಸಬಲ್ಲ ನಾವು, ಹನ್ನೆರಡು ವರ್ಷದ ಮಗುವು ಕನ್ನಡದ ಕಥೆಯೊಂದನ್ನು ಹೇಗೆ ಓದುತ್ತದೆಂಬುದನ್ನು ವಿಚಾರಕ್ಕೆ ತೆಗೆದುಕೊಂಡದ್ದು ಅಪೂರ್ವ. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಊರಿನ ಮಕ್ಕಳನ್ನೂ ಒಬ್ಬ ಗ್ರಂಥಕರ್ತರನ್ನೂ ಮುಂದಿಟ್ಟು, ಕೆಲವು ಮಾತುಗಳನ್ನು ಹೇಳಲು ಇಲ್ಲಿ ಪ್ರಯತ್ನಿಸಿದೆ.

ಊರು ಬಜಪೆ. ಮಂಗಳೂರಿನ ವಿಮಾನನಿಲ್ದಾಣದಿಂದಾಗಿ ಈ ಹೆಸರು ಹೊರನಾಡಿನವರಿಗೂ ಪರಿಚಿತವಾಗಿದೆ. 1951ರ ಡಿಸೆಂಬರಿನಲ್ಲಿ ಆ ನಿಲ್ದಾಣವು ತೆರೆದಂದಿನಿಂದ ಬಹುಕಾಲದವರೆಗೆ ಜನರು ಅದನ್ನು ‘ಬಜಪೆ’ ಎಂದೇ ಕರೆಯುತ್ತಿದ್ದರು. ನಮ್ಮ ಪ್ರಸ್ತಾಪಕ್ಕೆ ಬೇಕಾದ ಸಂಗತಿಯು ಬೇರೆ. ಈ ಊರಿನ ಮನೆಗಳಲ್ಲಿ ತುಳು ಉಂಟು, ಕ್ರೈಸ್ತರ ಮತ್ತು ಸಾರಸ್ವತರ ಕೊಂಕಣಿ ಉಂಟು, ಬ್ಯಾರಿ ಭಾಷೆ ಉಂಟು. ಕನ್ನಡವು ಮನೆಮಾತಾಗಿರುವ ಕುಟುಂಬಗಳು ಇವುಗಳ ನಡುವೆ ಅಲ್ಪವೇ ಸರಿ. ಹಾಗೆಂದು ಕನ್ನಡವು ಇಲ್ಲಿ ಪರಭಾಷೆಯಲ್ಲ. ಅದು ಶಾಲೆಯ ಭಾಷೆ, ಪತ್ರಿಕೆಯ ಭಾಷೆ, ಕಛೇರಿಯ ಭಾಷೆ. ಎಲ್ಲಕ್ಕಿಂತ ಹೆಚ್ಚಾಗಿ ಯಕ್ಷಗಾನದ ಭಾಷೆ. ಅಂಗಳದಲ್ಲಿ ತುಳುವನ್ನಾಡಿ ಬೆಳೆದ ಹುಡುಗನು ಕಟೀಲು ಮೇಳದ ಬಯಲಾಟದಲ್ಲಿ ದೇವೇಂದ್ರನೂ ರಕ್ತಬೀಜನೂ ಪ್ರೌಢವಾದ ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ, ಅರ್ಧ ತಿಳಿದು ಅರ್ಧ ತಿಳಿಯದೆ, ಒಟ್ಟಿನಲ್ಲಿ ಆನಂದಪಡುತ್ತಾನೆ. ಮೈಸೂರಿನ ಮಗುವಿಗೂ ಧಾರವಾಡದ ಮಗುವಿಗೂ ಕನ್ನಡವು ತಾಯಿಯ ಬಾಯಿಂದ ಬಂದರೆ, ಬಜಪೆಯ ಮಗುವಿಗೆ ಅದು ಪುಸ್ತಕದಿಂದಲೂ ರಂಗಸ್ಥಳದಿಂದಲೂ ಬರುತ್ತದೆ. ಈ ಭೇದವನ್ನು ಗಮನಿಸದೆ ಮಾಡಿದ ಓದಿನ ವಿಧಿಯು ಇಲ್ಲಿ ಹೇಗೆ ನಡೆಯುತ್ತದೆಂಬುದನ್ನು ನೋಡೋಣ.

ವಿಧಿಯು ಸಾಮಾನ್ಯವಾಗಿ ಹೀಗಿರುತ್ತದೆ: ಪುಸ್ತಕದ ಹೆಸರು, ಗ್ರಂಥಕರ್ತರ ಹೆಸರು, ಕಥೆಯ ಸಾರಾಂಶ, ‘ಈ ಕಥೆಯಿಂದ ನಾನು ಕಲಿತ ನೀತಿ’. ಬಜಪೆಯ ಸುತ್ತಿನ ಒಂದು ಶಾಲೆಯ ಏಳನೆಯ ತರಗತಿಯ ಮಕ್ಕಳು ಹೀಗೆ ಬರೆದು ತಂದಿದ್ದ ಪುಸ್ತಕಗಳನ್ನು ನೋಡುವ ಅವಕಾಶವು ನನಗೆ ಒಮ್ಮೆ ಒದಗಿತ್ತು. ಅಕ್ಷರಗಳು ಅಂದವಾಗಿದ್ದುವು, ಕೆಲವರು ಬಣ್ಣದ ಪೆನ್ಸಿಲಿನಿಂದ ಅಂಚು ಕಟ್ಟಿದ್ದರು. ಆದರೆ ಹತ್ತು ಪುಸ್ತಕಗಳನ್ನು ನೋಡಿದ ಮೇಲೆ ಹನ್ನೊಂದನೆಯದರಲ್ಲಿ ಏನಿರುವುದೆಂದು ತೆರೆಯುವುದಕ್ಕೆ ಮುಂಚೆಯೇ ಹೇಳಬಹುದಾಗಿತ್ತು. ಕಥೆಗಳು ಬೇರೆ ಬೇರೆ; ನೀತಿಗಳು ಮೂರೋ ನಾಲ್ಕೋ. ಹಿರಿಯರ ಮಾತನ್ನು ಕೇಳಬೇಕು, ಸುಳ್ಳು ಹೇಳಬಾರದು, ಒಗ್ಗಟ್ಟಿನಲ್ಲಿ ಬಲವಿದೆ. ಸಾರಾಂಶದ ವಾಕ್ಯಗಳಲ್ಲಿ ಕಥೆಯ ಮಾತು ಒಂದೂ ಉಳಿದಿರಲಿಲ್ಲ, ಮಗುವಿನ ಮಾತು ಒಂದೂ ಬಂದಿರಲಿಲ್ಲ. ಎಲ್ಲವೂ ಪ್ರಶ್ನೋತ್ತರದ ಮಾರ್ಗದರ್ಶಿಗಳಲ್ಲಿ ಕಾಣುವ ಕನ್ನಡ.

ಕಥೆಯ ಕೊನೆಗೆ ನೀತಿಯನ್ನು ಕೇಳುವುದು ನಮ್ಮ ಪ್ರಾಚೀನ ಪದ್ಧತಿಯೆಂದು ಕೆಲವರು ಸಮರ್ಥಿಸುವುದುಂಟು. ಇದು ವಿಚಾರಾರ್ಹ. ನೀತಿಕಥೆಗಳ ಮೂಲಸ್ಥಾನವೆನಿಸಿದ ಪಂಚತಂತ್ರವನ್ನೇ ತೆಗೆದುಕೊಳ್ಳಬಹುದು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದನು. ಅಲ್ಲಿ ನೀತಿವಾಕ್ಯಗಳಿಗೇನೋ ಕೊರತೆಯಿಲ್ಲ. ಆದರೆ ಅವುಗಳನ್ನು ಹೇಳುವವರು ಯಾರು? ಕಥೆಯೊಳಗಣ ಪಾತ್ರಗಳೇ. ನರಿಯು ನೀತಿಯನ್ನು ಹೇಳುತ್ತದೆ, ನರಿಯಿಂದ ಕೆಟ್ಟ ಎತ್ತೂ ಹೇಳುತ್ತದೆ. ಕಾಗೆಯು ಶಾಸ್ತ್ರವನ್ನೆತ್ತುತ್ತದೆ, ಗೂಗೆಯೂ ಎತ್ತುತ್ತದೆ. ನೀತಿಯು ಅಲ್ಲಿ ಕಥೆಯ ಬಾಲವಲ್ಲ, ಪಾತ್ರಗಳ ಕೈಯ ಆಯುಧ. ಯಾರ ನೀತಿಯು ಯಾವ ಸಮಯಕ್ಕೆ ಸಲ್ಲುತ್ತದೆಂಬುದನ್ನು ಕೇಳುವವನೇ ತೂಗಿ ನೋಡಿಕೊಳ್ಳಬೇಕು. ರಾಜಕುಮಾರರಿಗೆ ದೊರೆಯುತ್ತಿದ್ದ ಶಿಕ್ಷಣವೂ ಅದೇ. ಕಥೆ ಮುಗಿದ ಮೇಲೆ ಒಂದು ಗೆರೆಯೆಳೆದು ಕೆಳಗೆ ನೀತಿಯನ್ನು ಬರೆಯುವ ಕ್ರಮವು ನಮಗೆ ಪರಿಚಿತವಾದದ್ದು ಈಸೋಪನ ಕಥೆಗಳನ್ನೊಳಗೊಂಡ ಶಾಲಾಪುಸ್ತಕಗಳಿಂದ.

ಇನ್ನು ಪಂಜೆ ಮಂಗೇಶರಾಯರ ವಿಚಾರ. ಅವರ ಜೀವಿತಕಾಲ 1874ರಿಂದ 1937ರವರೆಗೆ. ಹುಟ್ಟಿದ ಊರು ಬಂಟವಾಳ. ಮಂಗಳೂರಿನ ಕಾಲೇಜಿನಲ್ಲಿ ಕನ್ನಡವನ್ನು ಕಲಿಸಿದರು. ಶಾಲಾ ಇನ್ಸ್‌ಪೆಕ್ಟರಾಗಿ ಜಿಲ್ಲೆಯನ್ನು ಸುತ್ತಿದರು. ಉಪಾಧ್ಯಾಯರನ್ನು ತಯಾರಿಸುವ ಶಾಲೆಯಲ್ಲಿಯೂ, ಮಡಿಕೇರಿಯಲ್ಲಿಯೂ ಕೆಲಸಮಾಡಿದರು. ಮಂಗಳೂರಿನ ಬಾಲಸಾಹಿತ್ಯಮಂಡಲದ ಮೂಲಕ ಮಕ್ಕಳ ಪುಸ್ತಕಗಳನ್ನು ಹೊರತಂದರು. 1934ರಲ್ಲಿ ರಾಯಚೂರಿನಲ್ಲಿ ಕೂಡಿದ ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ‘ಕವಿಶಿಷ್ಯ’ ಎಂಬ ಅಂಕಿತವೂ ‘ಹುತ್ತರಿ ಹಾಡೂ’ ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಒಂದು ಸಂಗತಿಯುಂಟು: ಪಂಜೆಯವರ ಮನೆಮಾತು ಕೊಂಕಣಿ, ಅವರ ಊರಿನ ಮಾತು ತುಳು, ಅವರು ಬರೆದದ್ದು ಕನ್ನಡ. ಎಂದರೆ ಇಂದಿನ ಬಜಪೆಯ ಮಗುವಿನ ಸ್ಥಿತಿಯೇ ಅವರದಾಗಿತ್ತು. ಅವರ ಗದ್ಯದಲ್ಲಿ ಕಾಣುವ ತಿಳಿತನಕ್ಕೆ ಕಾರಣವನ್ನು ಹುಡುಕುವವರು ಈ ಸಂಗತಿಯನ್ನು ಬಿಡಲಾಗದೆಂದು ನನ್ನ ಅಭಿಪ್ರಾಯ. ಮನೆಮಾತಾಗಿ ಬಂದ ಭಾಷೆಯನ್ನು ನಾವು ನೋಡದೆಯೇ ಆಡುತ್ತೇವೆ. ಕಲಿತು ಪಡೆದ ಭಾಷೆಯಲ್ಲಿ ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು ನೋಡಿ ಇಡುತ್ತೇವೆ. ಪಂಜೆಯವರ ವಾಕ್ಯಗಳು ಹೀಗೆ ನೋಡಿ ಇಟ್ಟವು. ಚಿಕ್ಕವು, ಗಟ್ಟಿಯಾಗಿ ಓದಿದರೆ ಉಸಿರು ಸಿಕ್ಕಿಕೊಳ್ಳದಂಥವು. ಕ್ರಿಯಾಪದವು ಎಲ್ಲಿಯೂ ಮಗುವನ್ನು ಕಾಯಿಸುವುದಿಲ್ಲ.

ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನು ವಿಮರ್ಶಕರು ಶಿಶುಗಳಿಗಾಗಿ ಬರೆದ ವಿನೋದವೆಂದು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನಾನು ಇಲ್ಲಿ ಸ್ವಲ್ಪ ನಿಲ್ಲಬಯಸುತ್ತೇನೆ. ಕಥೆಯ ಜಾತಿಯು ಸರಪಳಿಯ ಕಥೆ. ಒಣಗದೆ ಉಳಿದ ಸಿಗಡಿಯನ್ನು ಕಾರಣ ಕೇಳಿದರೆ ಅದು ಇನ್ನೊಂದರತ್ತ ಬೆರಳು ತೋರಿಸುತ್ತದೆ. ಆ ಇನ್ನೊಂದು ಮತ್ತೊಂದರತ್ತ. ಇದೇ ಮೂಳೆಗಟ್ಟು ಭಾರತದ ಹಲವು ಭಾಷೆಗಳ ಜನಪದಕಥೆಗಳಲ್ಲಿದೆ. ತೆಲುಗರಲ್ಲಿ ಏಳು ಮೀನುಗಳ ಕಥೆಯೆಂದು ಪ್ರಸಿದ್ಧವಾಗಿರುವುದೂ ಇದೇ, ಅಲ್ಲಿ ತಪ್ಪಿನ ಮೂಲವನ್ನು ಹುಡುಕುತ್ತ ಹೋದವರು ಕಟ್ಟಕಡೆಗೆ ಇರುವೆಯ ಬಳಿಗೆ ಬಂದು ನಿಲ್ಲುತ್ತಾರೆ. ಪಂಜೆಯವರು ಮೀನು ಎನ್ನುವ ಸಾಮಾನ್ಯ ಶಬ್ದವನ್ನು ಬಿಟ್ಟು ಸಿಗಡಿ ಎಂದುದರಲ್ಲಿಯೇ ಕಥೆಯು ಕರಾವಳಿಯದಾಯಿತು. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಬೇಕಾಗುವುದೆಂದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸಿಗಡಿಯನ್ನೂ ಮೀನನ್ನೂ ಒಣಗಿಸಿಡುವುದು ಇಲ್ಲಿಯ ಮನೆಗಳ ಹಳೆಯ ಕ್ರಮ. ಮೀನು ತಿನ್ನದ ಮನೆಗಳಲ್ಲಿ ಹಲಸಿನ ಹಪ್ಪಳ. ಒಣಹಾಕಿದುದನ್ನು ಕಾಗೆ ಬಾರದಂತೆ ಕಾಯುವ ಕೆಲಸವು ಶಾಲೆಯಿಲ್ಲದ ಮಕ್ಕಳ ಪಾಲಿಗೆ ಬೀಳುತ್ತದೆ. ಎಂದಮೇಲೆ ಈ ಕಥೆಯ ಶೀರ್ಷಿಕೆಯಲ್ಲಿರುವ ಪ್ರಶ್ನೆಯು ಬೇಸಿಗೆಯ ರಜೆಯ ಅಂಗಳದ ಪ್ರಶ್ನೆ. ಕೋಲು ಹಿಡಿದು ಕಾವಲು ಕುಳಿತ ಮಗುವಿಗೆ ಯಾರಾದರೂ ನಿಜವಾಗಿಯೇ ಕೇಳಬಹುದಾದದ್ದು.

ಈ ಕಥೆಗೆ ನೀತಿಯೇನು? ತನ್ನ ತಪ್ಪನ್ನು ಇತರರ ಮೇಲೆ ಹೊರಿಸಬಾರದೆಂದು ಬರೆಯಬಹುದು, ಒಬ್ಬ ಹುಡುಗನು ಹಾಗೆಯೇ ಬರೆದಿದ್ದನು. ಆದರೆ ಕಥೆಯ ಸುಖವಿರುವುದು ಹೊರಿಸುವುದರಲ್ಲಿಯೇ! ಪ್ರತಿಯೊಂದೂ ಹೇಳುವ ಕಾರಣವು ನಿಜವಾದ ಕಾರಣವೇ ಆಗಿದೆ; ಯಾರೂ ಸುಳ್ಳು ಹೇಳುವುದಿಲ್ಲ. ಒಂದರ ಕೆಲಸವು ಇನ್ನೊಂದರ ಕೆಲಸಕ್ಕೆ ಹೀಗೆ ಹೆಣೆದುಕೊಂಡಿದೆಯೆಂದು ಮಗುವಿಗೆ ಹೊಳೆಯುವುದೂ, ಮುಂದಿನ ಪ್ರಶ್ನೆ ಯಾರಿಗೆ ಎಂದು ಅದು ಮೊದಲೇ ಊಹಿಸುವುದೂ, ಊಹಿಸಿದಂತೆಯೇ ಆದಾಗ ನಗುವುದೂ ಕಥೆಯ ರಸ. ಸಾರಾಂಶವೆಂದರೆ ಪುನರುಕ್ತಿಯನ್ನು ತೆಗೆದುಹಾಕುವುದು. ಪುನರುಕ್ತಿಯೇ ಪ್ರಾಣವಾಗಿರುವ ಕಥೆಯ ಸಾರಾಂಶವನ್ನು ಬರೆಯೆಂದರೆ, ಕಬ್ಬನ್ನು ಹಿಂಡಿ ರಸವನ್ನು ಚೆಲ್ಲಿ ಸಿಪ್ಪೆಯನ್ನು ತಂದೊಪ್ಪಿಸೆಂದ ಹಾಗಾಯಿತು.

ಇದನ್ನೇ ಮಗುವು ಮನೆಯಲ್ಲಿ ತುಳುವಿನಲ್ಲಿ ತಮ್ಮನಿಗೋ ತಂಗಿಗೋ ಹೇಳಲಿ. ಸಿಗಡಿಯು ಎಟ್ಟಿಯಾಗುತ್ತದೆ, ಕೊಂಕಣಿಯ ಮನೆಯಲ್ಲಿ ಸುಂಗಟವಾಗುತ್ತದೆ. ಪ್ರಶ್ನೆಯ ಧಾಟಿ ಬದಲಾಗುತ್ತದೆ, ಏಕೆಂದರೆ ತುಳುವಿನಲ್ಲಿ ಗದರಿಸಿ ಕೇಳುವ ರೀತಿ ಬೇರೆ. ಕನ್ನಡದಲ್ಲಿ ಒಂದು ಮಾತಿನಲ್ಲಿ ಬಂದದ್ದಕ್ಕೆ ತುಳುವಿನಲ್ಲಿ ಎರಡು ಬೇಕಾಗಬಹುದು, ಎರಡರಲ್ಲಿ ಬಂದದ್ದು ಒಂದರಲ್ಲಿ ಮುಗಿಯಬಹುದು. ಹೇಳುತ್ತಿರುವಾಗ ಸರಪಳಿಯ ಒಂದು ಕೊಂಡಿ ಮರೆತರೆ ಕಥೆಯು ಅಲ್ಲಿಯೇ ನಿಲ್ಲುತ್ತದೆ. ಮಗುವು ಒಳಗೆ ಓಡಿ ಪುಸ್ತಕವನ್ನು ತೆರೆದು ನೋಡಿಕೊಂಡು ಬರಬೇಕು. ನಿಜವಾದ ಎರಡನೆಯ ಓದು ಇದು; ಉಪಾಧ್ಯಾಯರ ಯಾವ ವಿಧಿಯಿಂದಲೂ ಬಾರದೆ, ಕೇಳುತ್ತ ಕುಳಿತ ತಂಗಿಯ ಒತ್ತಾಯದಿಂದ ಬಂದದ್ದು.

ಹನ್ನೆರಡು, ಹದಿಮೂರು ವರ್ಷದವರಿಗೆ ಸಿಗಡಿಯ ಕಥೆಯು ಚಿಕ್ಕದಾಯಿತೆನ್ನುವವರಿಗೆ ಉತ್ತರವಾಗಿ ಪಂಜೆಯವರ ‘ಕೋಟಿ ಚೆನ್ನಯ’ವಿದೆ. ತುಳುನಾಡಿನ ಅವಳಿವೀರರ ಪಾಡ್ದನವನ್ನು ಅವರು ಕನ್ನಡಗದ್ಯಕ್ಕೆ ಇಳಿಸಿದರು. ಪಾಡ್ದನವನ್ನು ನಟ್ಟಿಯ ಗದ್ದೆಯಲ್ಲಿ ಹೆಂಗಸರು ಹಾಡುತ್ತಾರೆ, ದೈವದ ಮುಂದೆ ಪಾತ್ರಿಯ ಕುಲದವರು ಹಾಡುತ್ತಾರೆ. ಹಾಡುವವರೊಬ್ಬೊಬ್ಬರಲ್ಲಿಯೂ ಕಥೆಯು ಸ್ವಲ್ಪ ಸ್ವಲ್ಪ ಬೇರೆಯಾಗಿರುತ್ತದೆ. ಅದನ್ನು ಗದ್ಯದಲ್ಲಿ ಒಂದೇ ರೂಪಕ್ಕೆ ನಿಲ್ಲಿಸುವಾಗ ಲಾಭವೂ ನಷ್ಟವೂ ಆಗದಿರವು. ಲಾಭವೇನೆಂದರೆ, ತುಳುವರ ಸ್ವಂತವಾಗಿದ್ದ ವೀರಕಥೆಯು ತುಳುವನ್ನರಿಯದ ಕನ್ನಡಿಗರ ಸ್ವತ್ತೂ ಆಯಿತು. ನಷ್ಟವೇನೆಂದರೆ, ಹಾಡಿನ ಪಲ್ಲವಿಯು ಹೋಯಿತು, ಹಿಂದಿರುಗಿ ಹಿಂದಿರುಗಿ ಬರುವ ಮಾತಿನ ಅಲೆಯು ಹೋಯಿತು. ಪಂಜೆಯವರು ಇದನ್ನು ತಿಳಿಯದವರಲ್ಲ. ಆದರೂ ವೀರರ ಬಾಯಲ್ಲಿ ಬರುವ ಕನ್ನಡವು ಒಮ್ಮೊಮ್ಮೆ ಅತಿಯಾಗಿ ಮಡಿಯುಟ್ಟಿತೆಂದು ನನಗೆ ತೋರಿದೆ. ಗದ್ದೆಯಂಚಿನಲ್ಲಿ ನೀರಿಗಾಗಿ ಜಗಳವಾಡುವವರು ಅಷ್ಟು ಒಪ್ಪವಾಗಿ ಮಾತನಾಡಲಾರರು.

ಕಥೆಯ ವಸ್ತುವನ್ನು ನೆನೆಯಿರಿ. ಪಡುಮಲೆಯ ಬಲ್ಲಾಳನ ಕಾಲಿನ ನೋವನ್ನು ದೇಯಿ ಬೈದೆತಿಯು ತನ್ನ ಮದ್ದಿನಿಂದ ಗುಣಪಡಿಸುತ್ತಾಳೆ; ಬಲ್ಲಾಳನು ಮಾತು ಕೊಡುತ್ತಾನೆ. ಅವಳ ಮಕ್ಕಳು ಬೆಳೆದು ನಿಂತು ತಮಗೆ ಸಲ್ಲತಕ್ಕದ್ದನ್ನು ಕೇಳಿದಾಗ ಆ ಮಾತು ನಿಲ್ಲುವುದಿಲ್ಲ. ಗದ್ದೆಯ ವಿಷಯದಲ್ಲಿ ಬುದ್ಯಂತನೊಡನೆ ಹಗೆಯು ಬೆಳೆದು ಅವನ ಕೊಲೆಯಾಗುತ್ತದೆ. ಅಣ್ಣತಮ್ಮಂದಿರು ಊರು ಬಿಡುತ್ತಾರೆ. ಪಂಜದಲ್ಲಿ ಮೋಸಕ್ಕೆ ಸಿಕ್ಕಿ ಸೆರೆಯಾಗುತ್ತಾರೆ. ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿಯುತ್ತಾರೆ. ಸತ್ತಮೇಲೆ ಗರೊಡಿಗಳಲ್ಲಿ ಪೂಜೆಗೊಳ್ಳುತ್ತಾರೆ. ಇದಕ್ಕೆ ‘ಜಗಳವಾಡಬಾರದು’ ಎಂದು ನೀತಿಯನ್ನು ಬರೆಯೋಣವೆ? ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂಬುದು ಸ್ವಲ್ಪ ಹತ್ತಿರದ್ದು. ಆದರೂ ಅದು ಬಲ್ಲಾಳನಿಗೆ ಹೇಳತಕ್ಕ ಬುದ್ಧಿಯೇ ಹೊರತು ಕೋಟಿ ಚೆನ್ನಯರ ಕಥೆಯ ಸತ್ತ್ವವಲ್ಲ. ಗರೊಡಿಗೆ ಹೋಗಿ ಕೈಮುಗಿಯುವ ಮನೆಯ ಮಗುವಿಗೆ ಈ ಕಥೆಯು ಪುಸ್ತಕಕ್ಕಿಂತ ಮೊದಲೇ ಗೊತ್ತು. ಅದಕ್ಕೆ ಇದರಲ್ಲಿ ತನ್ನ ಕುಲದ ಮಾನವಿದೆ, ಅನ್ಯಾಯದ ನೆನಪಿದೆ. ಪಕ್ಕದಲ್ಲಿ ಕುಳಿತ ಕ್ರೈಸ್ತರ ಅಥವಾ ಬ್ಯಾರಿಗಳ ಮಗುವಿಗೆ ಅದು ಮೊದಲನೆಯ ಸಲ ಕೇಳುವ ಸಾಹಸದ ಕಥೆ. ಈ ಇಬ್ಬರೂ ಒಂದೇ ಪುಸ್ತಕವನ್ನು ಓದಿ ಒಂದೇ ಸಾರಾಂಶವನ್ನು ಬರೆದರೆಂದರೆ ಇಬ್ಬರೂ ಓದಲಿಲ್ಲವೆಂದೇ ತಿಳಿಯಬೇಕು.

ನಾನು ನೋಡಿದ ಆ ಪುಸ್ತಕಗಳಲ್ಲಿ ಕೋಟಿ ಚೆನ್ನಯರ ಕಥೆಯನ್ನು ಕುರಿತು ಒಬ್ಬ ಹುಡುಗಿಯು ಬರೆದುದೊಂದಿತ್ತು. ಸಾರಾಂಶವು ತಪ್ಪಿಲ್ಲದೆ ಇತ್ತು, ನೀತಿಯೂ ಇತ್ತು. ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅವಳು ಹೀಗೆ ಬರೆದಿದ್ದಳು: ‘ನನ್ನ ಅಜ್ಜಿ ಹೇಳುವುದರಲ್ಲಿ ಹೀಗಿಲ್ಲ.’ ಆ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆಯೊಂದು ಹಾದುಹೋಗಿತ್ತು. ಗೆರೆಯೆಳೆದವರ ಮೇಲೆ ನನಗೆ ದೋಷಬುದ್ಧಿಯಿಲ್ಲ; ಅಂಚಿನಲ್ಲಿ ಬರೆಯಬಾರದೆಂಬ ನಿಯಮವನ್ನು ಅವರು ಪಾಲಿಸಿದರು. ಆದರೆ ಆ ಕಟ್ಟಿನಲ್ಲಿದ್ದ ವಿಮರ್ಶೆಯ ವಾಕ್ಯವು ಅದೊಂದೇ. ಪಾಡ್ದನದ ಪಾಠಾಂತರಗಳನ್ನು ಸಂಗ್ರಹಿಸಿ ಹೋಲಿಸುವ ವಿದ್ವಾಂಸನು ಎಲ್ಲಿಂದ ಹೊರಡುತ್ತಾನೋ ಅಲ್ಲಿಗೆ ಆ ಹುಡುಗಿಯು ಯಾರ ಸಹಾಯವೂ ಇಲ್ಲದೆ ಬಂದು ನಿಂತಿದ್ದಳು.

ಈಗ ಶಾಲೆಯಲ್ಲಿಯೂ ಈ ನಾಡಿನ ರಂಗದಲ್ಲಿಯೂ ಬಳಕೆಯಲ್ಲಿರುವ ಒಂದು ಶಬ್ದವನ್ನು ವಿಚಾರಿಸೋಣ. ಅದು ‘ಅರ್ಥ’. ಶಾಲೆಯಲ್ಲಿ ‘ಅರ್ಥ ಬರೆಯಿರಿ’ ಎಂದರೆ ಒಂದು ಶಬ್ದದ ಎದುರಿಗೆ ಇನ್ನೊಂದು ಶಬ್ದವನ್ನು ಇಡುವುದು. ತಾಳಮದ್ದಳೆಯಲ್ಲಿ ‘ಅರ್ಥ ಹೇಳುವುದು’ ಎಂದರೆ ಅದಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತನು ಪ್ರಸಂಗದ ಪದ್ಯವೊಂದನ್ನು ಹಾಡುತ್ತಾನೆ, ಅರ್ಥಧಾರಿಯು ಕುಳಿತಲ್ಲಿಂದಲೇ ಆ ಪದ್ಯವನ್ನು ತನ್ನ ಮಾತಿನಲ್ಲಿ ಬಿಡಿಸುತ್ತಾನೆ. ಪದ್ಯವು ಪ್ರಸಂಗಕರ್ತನದು, ಮಾತು ತನ್ನದು. ಪಾರ್ತಿಸುಬ್ಬನ ಒಂದೇ ಪದ್ಯಕ್ಕೆ ಒಬ್ಬ ಅರ್ಥಧಾರಿಯು ಇಂದು ಹೇಳಿದ ಅರ್ಥವನ್ನು ನಾಳೆ ಹೇಳಲಾರನು, ಏಕೆಂದರೆ ಎದುರಿಗೆ ಕುಳಿತ ವಾಲಿಯೋ ರಾವಣನೋ ಬೇರೆ ಮಾತನ್ನೆತ್ತಿರುತ್ತಾನೆ. ಆದರೂ ಪದ್ಯವನ್ನು ಮೀರಿ ಹೋದನೆಂದರೆ ಸಭೆಯು ಒಪ್ಪುವುದಿಲ್ಲ. ಮೂಲಕ್ಕೆ ಬದ್ಧನಾಗಿರುವುದೂ ಸ್ವಂತ ಮಾತನ್ನಾಡುವುದೂ ಒಂದೇ ಕಾಲದಲ್ಲಿ ನಡೆಯಬೇಕೆಂಬ ಈ ಶಿಸ್ತನ್ನು ನಮ್ಮ ನಾಡಿನವರು ಶತಮಾನಗಳಿಂದ ಅಭ್ಯಾಸಮಾಡಿದ್ದಾರೆ. ಮಕ್ಕಳ ರಜೆಯ ಬಹುಭಾಗವು ಆಟದ ತಿರುಗಾಟದ ಕಾಲವೇ ಆಗಿದೆ. ಮೇಳಗಳು ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಯ ಪತ್ತನಾಜೆಗೆ, ಹೆಚ್ಚುಕಡಿಮೆ ಶಾಲೆಯು ತೆರೆಯುವ ಹೊತ್ತಿಗೆ. ಓದಿದ ಪುಸ್ತಕವನ್ನು ಹೇಗೆ ಹೇಳಬೇಕೆಂಬುದಕ್ಕೆ ಮಾದರಿಯು ಊರಿನ ಬಯಲಿನಲ್ಲಿಯೇ ಇರುವಾಗ ಸಾರಾಂಶದ ಅಚ್ಚನ್ನು ಎಲ್ಲಿಂದಲೋ ತರುವುದೇಕೆ?

ಇದಕ್ಕೆ ಉಪಾಧ್ಯಾಯರು ಕೊಡುವ ಉತ್ತರವು ನನಗೆ ಗೊತ್ತಿದೆ, ಅದು ಅಲಕ್ಷ್ಯಮಾಡತಕ್ಕದ್ದೂ ಅಲ್ಲ. ‘ಮಕ್ಕಳ ಕನ್ನಡವು ಮೊದಲೇ ದುರ್ಬಲ. ರಜೆಯಲ್ಲಿ ಎರಡು ವಾಕ್ಯವನ್ನಾದರೂ ಬರೆಯಲೆಂದು ನಾವು ಈ ಕೆಲಸ ಕೊಡುತ್ತೇವೆ. ತುಳುವಿನಲ್ಲಿ ಹೇಳಿಕೊಂಡಿದ್ದರೆ ಕನ್ನಡ ಬರುವುದೆಂತು?’ ತುಳುವನ್ನೂ ಕೊಂಕಣಿಯನ್ನೂ ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಕಲಿಯುವ ಅವಕಾಶವು ಈ ಜಿಲ್ಲೆಯ ಶಾಲೆಗಳಲ್ಲಿ ಬಂದಿರುವುದರಿಂದ ಆ ಭಾಷೆಗಳನ್ನು ಶಾಲೆಯ ಹೊಸ್ತಿಲ ಹೊರಗಿಡಬೇಕೆಂಬ ಹಳೆಯ ಹಟವನ್ನು ಈಗ ಯಾರೂ ಹಿಡಿಯುವುದಿಲ್ಲ. ಪ್ರಶ್ನೆಯು ಕನ್ನಡದ್ದು. ನನಗೆ ತೋರುವುದೇನೆಂದರೆ, ನೋಡಿ ಬರೆದ ಸಾರಾಂಶದಿಂದ ಕನ್ನಡವೂ ಬರುವುದಿಲ್ಲ. ಎರಡು ಭಾಷೆಗಳ ನಡುವೆ ಮಾತನ್ನು ಸಾಗಿಸಿದವನಿಗೆ ಎರಡರ ತೂಕವೂ ತಿಳಿಯುತ್ತದೆ. ಅದಕ್ಕೆ ಪಂಜೆಯವರೇ ಸಾಕ್ಷಿ. ಮನೆಯಲ್ಲಿ ಮನೆಮಾತಿನಲ್ಲಿ ಹೇಳಿದ ಕಥೆಯನ್ನು ಶಾಲೆ ತೆರೆದ ಮೇಲೆ ತರಗತಿಯ ಮುಂದೆ ಕನ್ನಡದಲ್ಲಿ ಹೇಳಲಿ. ಒಮ್ಮೆ ಹೇಳಿ ಪಳಗಿದ ಕಥೆಯಾದುದರಿಂದ ಅಂಜಿಕೆಯು ಕಡಿಮೆಯಾಗಿರುತ್ತದೆ. ನಲ್ವತ್ತು ಮಕ್ಕಳಿಗೆ ತಲಾ ಐದು ನಿಮಿಷವಾದರೆ ಇನ್ನೂರು ನಿಮಿಷ. ನಲ್ವತ್ತು ನಿಮಿಷದ ಪಾಠದ ಅವಧಿಗಳು ಐದು. ನಲ್ವತ್ತು ಪುಸ್ತಕಗಳನ್ನು ತಿದ್ದುವುದಕ್ಕೆ ಇದಕ್ಕಿಂತ ಕಡಿಮೆ ಹೊತ್ತು ಸಾಕೆಂದು ಯಾವ ಉಪಾಧ್ಯಾಯರೂ ಹೇಳಲಾರರು. ಹರಟೆಮಲ್ಲರಾದ ಹುಡುಗರು ಐದು ನಿಮಿಷವನ್ನು ಹದಿನೈದು ಮಾಡಿಯಾರು. ಅರ್ಥಧಾರಿಗಳಲ್ಲಿಯೂ ಅಂಥವರು ಇಲ್ಲದಿಲ್ಲ. ಅವರನ್ನು ನಿಲ್ಲಿಸುವ ಉಪಾಯವು ಭಾಗವತನಿಗೆ ಗೊತ್ತಿರುತ್ತದೆ.

ಪಂಜೆಯವರೊಬ್ಬರಿಂದಲೇ ರಜೆಯ ಓದೆಲ್ಲ ತುಂಬಲಾರದು. ಅವರ ಕಥೆಗಳ ಲೋಕವು ಸುಮಾರು ನೂರು ವರ್ಷದ ಹಿಂದಿನದು, ಬರೆದುದರಲ್ಲಿ ಹೆಚ್ಚಿನದು ಏಳೆಂಟು ವರ್ಷದವರಿಗಾಗಿ. ಶಿವರಾಮ ಕಾರಂತರು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ‘ಬಾಲಪ್ರಪಂಚ’ವು (1936) ಆ ಕಾಲಕ್ಕೆ ಒಬ್ಬರೇ ನಿಂತು ಮಾಡಿದ ಮಹಾಸಾಹಸ, ಅದರ ವಿಜ್ಞಾನಭಾಗವು ಹಳೆಯದಾಗಿದೆಯಾದುದರಿಂದ ಈಗ ಮಕ್ಕಳ ಕೈಗೆ ಕೊಡುವುದಕ್ಕಿಂತ ಉಪಾಧ್ಯಾಯರು ನೋಡಿ ಧಾಟಿಯನ್ನು ಕಲಿಯುವುದು ಮೇಲು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯು ದೊಡ್ಡವರಿಗೆಂದು ಬರೆದುದಾದರೂ ಏಳನೆಯ ತರಗತಿಯವರು ಅದನ್ನು ಬಿಡಲಾರರು, ನೀತಿಯನ್ನು ಹುಡುಕುವವರಿಗೆ ಅದರಲ್ಲಿ ಸಿಕ್ಕುವುದು ನಾಯಿ, ಹಕ್ಕಿ, ಮೀನು ಮತ್ತು ನಗು. ಪುತ್ತೂರಿನವರಾದ ಬೊಳುವಾರು ಮಹಮದ್ ಕುಂಞಿಯವರು ಗಾಂಧಿಯವರನ್ನು ಕುರಿತು ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವು ಬಂದಿದೆ. ದೊಡ್ಡವರ ಚರಿತ್ರೆಗಳು ಮಕ್ಕಳ ಪಾಲಿಗೆ ನೀತಿಯ ಮೂಟೆಗಳಾಗುವುದೇ ಹೆಚ್ಚು. ಈ ಪುಸ್ತಕದ ಹೆಸರಿನಲ್ಲಿಯೇ ಇರುವ ಆಟವನ್ನು ನೋಡಿದರೆ ಗ್ರಂಥಕರ್ತರು ಆ ಅಪಾಯವನ್ನು ಬಲ್ಲವರೆಂದು ತಿಳಿಯುತ್ತದೆ. ಈ ಮೂರು ಹೆಸರುಗಳಲ್ಲಿ ಕರಾವಳಿಯವು ಎರಡು, ಮಲೆನಾಡಿನದು ಒಂದು. ಪಟ್ಟಿಯನ್ನು ಬೆಳೆಸುವುದು ಈ ಲೇಖನದ ಕೆಲಸವಲ್ಲ.

ಪಟ್ಟಿಗಿಂತ ಮುಖ್ಯವಾದದ್ದು ಪುಸ್ತಕವು ಕೈಗೆ ಸಿಕ್ಕುವುದು. ಅಮೆರಿಕದ ಅಟ್ಲಾಂಟಾ ನಗರದ ಮಧ್ಯಮಶಾಲೆಗಳ ಮಕ್ಕಳನ್ನು ಕುರಿತು ಬಾರ್ಬರಾ ಹೇನ್ಸ್ ಎಂಬ ವಿದುಷಿಯು 1978ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಪ್ರಮಾಣವೆನಿಸಿದೆ. ಬೇಸಿಗೆಯ ರಜೆಯಲ್ಲಿ ಓದಿದ ಮಕ್ಕಳ ಕಲಿಕೆಯು ಮುಂದುವರಿಯಿತೆಂದೂ, ಅವರ ಓದಿಗೆ ಸಾರ್ವಜನಿಕ ಗ್ರಂಥಾಲಯವು ಹತ್ತಿರವಿದ್ದುದು ಸಹಾಯಕವಾಯಿತೆಂದೂ ಆಕೆ ತೋರಿಸಿಕೊಟ್ಟಳು. ನಮ್ಮಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಗ್ರಾಮಪಂಚಾಯಿತಿಗಳ ಗ್ರಂಥಾಲಯ­ಗಳಿಗೆ ಶಾಲಾಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಬಜಪೆಯ ಸುತ್ತಿನ ಹಳ್ಳಿಗಳ ಉಪಾಧ್ಯಾಯರು ಪುಸ್ತಕಗಳ ಪಟ್ಟಿಯನ್ನು ಮಾಡುವ ಮೊದಲು ಆ ಗ್ರಂಥಾಲಯಗಳ ಕಪಾಟುಗಳನ್ನು ಒಮ್ಮೆ ನೋಡಿ ಬಂದರೆ, ಇಲ್ಲದ ಪುಸ್ತಕವನ್ನು ವಿಧಿಸುವ ತಪ್ಪಾದರೂ ತಪ್ಪುತ್ತದೆ.

ಇಂಗ್ಲಿಷ್ ಮಾಧ್ಯಮದ ಶಾಲೆಗಳ ಮಕ್ಕಳಿಗೆ ಇದೆಲ್ಲ ಸಲ್ಲದೆಂದು ಭಾವಿಸಬಾರದು. ಅವರಿಗೆ ವಿಧಿಸುವುದು ಬಹುಶಃ ಇಂಗ್ಲಿಷಿನ ಸಂಕ್ಷಿಪ್ತ ಕಾದಂಬರಿಗಳನ್ನು; ಮನೆಮಾತಿನಿಂದ ಪುಸ್ತಕಕ್ಕೆ ಇರುವ ದೂರವು ಅವರಲ್ಲಿ ಇನ್ನೂ ಹೆಚ್ಚು. ಈ ಊರಿನ ಅನೇಕ ಮನೆಗಳವರು ಕೊಲ್ಲಿಯ ದೇಶಗಳಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿಯ ಶಾಲೆಗಳಿಗೆ ಬೇಸಿಗೆಯ ರಜೆ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಅಲ್ಲಿಂದ ಬರುವ ಮಕ್ಕಳು ‘ಬೇಸಿಗೆಯ ಓದಿನ’ ಪಟ್ಟಿಯನ್ನು ಹಿಡಿದು ಇಳಿಯುವಾಗ ಇಲ್ಲಿ ಜಡಿಮಳೆ. ಒಣಗಿಸಿಟ್ಟ ಸಿಗಡಿಯು ಆಗ ಡಬ್ಬದಿಂದ ಹೊರಗೆ ಬರುತ್ತಿರುತ್ತದೆ. ಅಜ್ಜಿಯೊಡನೆ ಮನೆಮಾತಿನಲ್ಲಿ ತಡವರಿಸುವ ಆ ಮಕ್ಕಳಿಗೆ, ಓದಿದ ಕಥೆಯನ್ನು ಅವಳಿಗೆ ಹೇಳಿ ಬರಬೇಕೆಂದು ಯಾರಾದರೂ ವಿಧಿಸಿದ್ದಾರೆಯೆ?

ಮುಂದಿನ ರಜೆಗೆ ಮುಂಚೆ ಉಪಾಧ್ಯಾಯರಲ್ಲಿ ನನ್ನ ಬಿನ್ನಹವು ಇಷ್ಟೇ. ‘ನಾನು ಕಲಿತ ನೀತಿ’ ಎಂಬ ಸಾಲನ್ನು ಒಂದು ವರ್ಷದ ಮಟ್ಟಿಗೆ ತೆಗೆದುಹಾಕಿ, ಆ ಸ್ಥಳದಲ್ಲಿ ‘ಈ ಕಥೆಯನ್ನು ಯಾರಿಗೆ ಹೇಳಿದೆ? ಅವರು ಏನೆಂದರು?’ ಎಂದು ಕೇಳಿ ನೋಡಬೇಕು. ಹಾಳೆಯ ಅಂಚಿನಲ್ಲಿ ಕೆಂಪು ಗೆರೆಗೆ ಸಿಕ್ಕಿದ ಆ ಹುಡುಗಿಯ ವಾಕ್ಯಕ್ಕೆ ಆಗ ಹಾಳೆಯ ನಡುವೆಯೇ ಜಾಗ ದೊರೆಯುತ್ತದೆ. ಅಜ್ಜಿಯು ಹೇಳುವ ಕಥೆಯಲ್ಲಿ ಏನಿದೆಯೆಂದು ನಾನು ಆ ಶಾಲೆಯಲ್ಲಿ ಕೇಳಿದೆ. ಹುಡುಗಿಯು ಎಂಟನೆಯ ತರಗತಿಗೆ ಬೇರೆ ಶಾಲೆಗೆ ಹೋಗಿಯಾಗಿತ್ತು.